ಕಡೀ ಪ್ಯಾನಿನ ಸಕ್ಕರಿ

...ಕುಂದರು ಭೀಮಸಿ, ನಿಂತು ಮಾತಾಡಬ್ಯಾಡ. ಆ ಕಾಗದ ಇಲ್ಲೆ ತಾ, ಓದ್ತೀನಿ. ಹೂಂ. ಇಪ್ಪತ್ತೆಂಟು ಸಾವಿರ. ಅದೂ ಹಂಗಾಮು ನಡದಷ್ಟು ದಿನ. ಆಫ್ ಸೀಜನ್‌ದಾಗ ಪಗಾರ ಇಲ್ಲ. ಹದಿನಾಲ್ಕು ವರ್ಷ ಪ್ಯಾನಿನ್ಯಾಗ ಸಕ್ಕರಿ ಕುದಿಸಿದವಗ ಇಪ್ಪತ್ತೆಂಟು. ಮ್ಯಾಲೇನು ಬರದಾರ ನೋಡು, 'ನಮ್ಮ ಪರಿವಾರಕ್ಕೆ ಸ್ವಾಗತ'. ಹೇಸಿಗಿ ಬರತೈತಿ ನನಗ. ಯಾವ ಪರಿವಾರದಾಗ ಏಪ್ರಿಲ್‌ದಿಂದ ಅಕ್ಟೋಬರ್ ತನಕ ಊಟ ಬಂದ್ ಮಾಡ್ತಾರ?

ಯಾಕ ನಗತಿ? ನಾ ಜೋಕ್ ಹೇಳಿಲ್ಲ.

ಕಾರ್ಖಾನಿ ಲೀಜಿಗೆ ಹೋದಾಗ ಹೇಳಿದ್ದೆ ನಿನಗ. ಹಳೇ ಮಾಲಕರು ಕಳ್ಳರು ಖರೆ, ಆದರ ಅವರಿಗೆ ನಮ್ಮ ಹೆಸರರೆ ಗೊತ್ತಿತ್ತು. ಇವರಿಗೆ ನೀ ಒಂದು ನಂಬರು, ನಾ ಒಂದು ನಂಬರು. ಆ ಎಚ್.ಆರ್. ಸುಧೀರ, ಮೀಸಿ ಇನ್ನೂ ನೆಟ್ಟಗ ಬಂದಿಲ್ಲ, ಗ್ವಾಡಿ ಮ್ಯಾಲೆ ಚಾರ್ಟ್ ಬಿಟ್ಟು ತೋರಸ್ತಾನ. ಹಸಿರು ಗೆರಿ, ಕೆಂಪು ಗೆರಿ. 'ಮಾರ್ಕೆಟ್ ರೇಟ್' ಅಂತ. ಕುದಿಯೂ ಪಾಕ ಎರಡು ಬೆರಳಿನಾಗ ತಿಕ್ಕಿ, ಸಕ್ಕರಿ ಕಾಳು ಕೂತಾವೋ ಇಲ್ಲೋ ಹೇಳೂ ಮನಷ್ಯಾಗ ಯಾವ ಮಾರ್ಕೆಟ್ಟಿನಾಗ ರೇಟ್ ಕಟ್ಟತಾರ? ನಾ ಕೆಮಿಸ್ಟು, ಎಂ.ಎಸ್ಸಿ. ಮಾಡೀನಿ, ಲ್ಯಾಬಿನ್ಯಾಗ ಮಶೀನ್ ಐತಿ. ಆದರೂ ನಿನ್ನ ಬೆರಳು ಹೂಂ ಅಂದ ಮ್ಯಾಲೇ ನಾ ಅಂಕಿ ಬರೀತಿದ್ದೆ. ಹೇಳಾಕ ನಾಚಿಕಿ ಏನೈತಿ.

ಏನು? ಚಾರ್ಟ್ ನಾ ಯಾವಾಗ ನೋಡಿದೆ ಅಂತಿ? ನೋಡಿಲ್ಲೋ. ಜ್ಞಾನದೇವ ಹೇಳಿದ, ಬಾಯ್ಲರ್ ಮ್ಯಾಲಿರತಾನಲಾ, ಅಂವ. ನಾ ಆ ಗೇಟ್ ದಾಟಿ ನಾಲ್ಕು ತಿಂಗಳಾತು. ಮಾತು ಅಂದರ ಮಾತು. ಜೂನ್‌ದಾಗ ಇದೇ ಕಟ್ಟಿ ಮ್ಯಾಲೆ ಕುಂತು ಠರಾವ್ ಮಾಡೀವಿ. ನಿನಗ ನಲವತ್ತು, ನನಗ ಎಪ್ಪತ್ತು, ಇಬ್ಬರಿಗೂ ಆಫ್ ಸೀಜನ್ ಅರ್ಧಾ ಪಗಾರ. ಒಬ್ಬನ ಬಿಟ್ಟು ಒಬ್ಬ ಸಹಿ ಹಾಕೂದಿಲ್ಲ. ಕೆಮಿಸ್ಟೂ ಇಲ್ಲ, ಪ್ಯಾನ್‌ಮನ್ನೂ ಇಲ್ಲ, ಸಕ್ಕರಿ ಹ್ಯಾಂಗ ತಗೀತಾರ ನೋಡೂಣು ಅಂತ. ನಾ ಮರತಿಲ್ಲ.

ಬ್ರಾಹ್ಮೀ, ಭೀಮಸಿ ರಾಯಬಾಗದಿಂದ ಗಾಡಿ ಹೊಡಕೊಂಡು ಬಂದಾನ, ಚಾ ಇಡು. ತಡಿ, ಕುಡದ ಹೋಗಂತಿ. ನಿಮ್ಮ ವೈನಿ ಬೈತಾಳ.

ಹೂಂ, ಹೇಳು. ಗಡಿ ಆಚಿ ಕಾರ್ಖಾನಿಯಿಂದ ಕರಿ ಬಂದೈತಿ ಅಂತ ನೀ ಹೆದರಿಸಿದಿ. ಭೇಷ್. ಅದಕ್ಕ ಸುಧೀರ ಏನಂದ? ...'ನಿಮ್ಮ ಮನಿಯವರು ಪಂಚಾಯ್ತಿ ಮೆಂಬರ್ ಆಗ್ಯಾರ, ಐದು ವರ್ಷ ಊರು ಬಿಡಾಂಗಿಲ್ಲ ಅಂತ ಮಾತು ಕೊಟ್ಟೀರಿ, ಎಲ್ಲಿ ಹೋಗ್ತೀರಿ?' ಹಿಂಗಂದನಾ? ನಕ್ಕೋತ ಅಂದನಾ? ಥೂ.

ನನ್ನ ಮಾರಿ ಯಾಕ ನೋಡ್ತಿ? ಹೊಳೆವ್ವ ಮೆಂಬರ್ ಆಗಿದ್ದು ಊರಿಗೆಲ್ಲಾ ಗೊತ್ತೈತಿ. ಫೋಟೋ ಹಾಕಿ ಬ್ಯಾನರ್ ಕಟ್ಟಿದ್ರಲಾ. ...ಹೌದು, ನೀ ಆಕಿಗೆ ಮಾತು ಕೊಟ್ಟಿದ್ದು ಬ್ಯಾರೆ. ಅದನ್ನ ನನಗೊಬ್ಬಂಗ ಹೇಳಿದ್ದಿ, ಒಪ್ಪಿದೆ. ಅಂದ ಮ್ಯಾಲೆ ಹೊಳೆವ್ವನೇ ತನ್ನ ಸಂಘದ ಹೆಂಗಸರ ಮುಂದ ಹೇಳಿರಬೇಕು. ಹೆಂಡತಿ ಹೆಸರು ತಗದೆ ಅಂತ ಸಿಟ್ಟು ಬಂತೇನು? ಬಿಡು, ಹೇಳಿಲ್ಲ ಅಂತ ಇಟ್ಕೋ.

ಗೇಟಿನ್ಯಾಗ ದೀಪಾವಳಿ ಸಕ್ಕರಿನೂ ಕೊಡಲಿಲ್ಲಾ? ಸಹಿ ಹಾಕಿದವರಿಗೆ ಮಾತ್ರ ಅಂದರಾ? ನೋಡು, ನೋಡು ಇವರ ಬುದ್ಧಿ. ಮಾರ್ಚ್‌ದಾಗ ಹಂಗಾಮಿನ ಕಡೀ ಪ್ಯಾನ್ ತಗದಾವ ನೀ. ರಾತ್ರಿ ಹಗಲು ನಿಂತು ತಗದಿ, ಅಂಥಾ ದಪ್ಪ ಕಾಳು ಈ ಕಡೆ ಯಾರೂ ಕೂರಿಸಿಲ್ಲ. ಒಂದು ಚೀಲಾನೂ ಹೊರಗ ಮಾರಿಲ್ಲ, ನೌಕರರಿಗೆ ಹಂಚಾಕ ಅಂತ ಪೂರಾ ತಗದಿಟ್ಟರು. ಈಗ ನಿನ್ನ ಸಕ್ಕರಿ ನಿನಗೇ ಇಲ್ಲ. ಇದಕ್ಕಿಂತ ಹೊಲಸು ಏನೈತಿ?

ಆದರ ಭೀಮಸಿ... ಒಂದು ಮಾತು. ನನ್ನ ಕೇಳಿದರ, ಸಹಿ ಹಾಕಿಬಿಡು.

ಹಂಗ್ಯಾಕ ನೋಡ್ತಿ? ಪೂರಾ ಕೇಳು. ಅಥಣಿಯ ಮುರಗೆಪ್ಪ ಇಪ್ಪತ್ನಾಲ್ಕಕ್ಕ ಬರ್ತೀನಿ ಅಂದಾನಂತ. ಅಂವಗ ಪಾಕಾ ಗೊತ್ತಿಲ್ಲ, ಪಾಯಸಾ ಗೊತ್ತಿಲ್ಲ, ಆದರೂ ತಗೋತಾರ ಈ ಮಂದಿ. ಈ ಹಂಗಾಮು ಸುಮ್ಮನ ಒಳಗ ಹೊಕ್ಕು ಕುಂದರು. ಮುಂದಿನ ವರ್ಷ ಕೂಡಿ ಕೇಳೂಣು. ನನ್ನ ಚಿಂತಿ ಬ್ಯಾಡ, ನಾ ಹ್ಯಾಂಗರೆ ನೋಡ್ಕೋತೀನಿ. ನಮ್ಮ ಠರಾವು ನಾ ಮುರದಿಲ್ಲ. ನಿನಗ ಮುರ್ಯಾಕ ಪರವಾನಗಿ ಕೊಡಾಕತ್ತೀನಿ, ಅಷ್ಟ.

ಬಂತು ನೋಡು ಚಾ. ತಗೋ... ಸಪ್ಪಗೈತಾ? ನಿನಗ ಮೂರು ಚಮಚ ಬೇಕು, ಪ್ರತಿ ಸರ್ತಿ ಮರೀತಾಳ. ಬ್ರಾಹ್ಮೀ, ಆ ಡಬ್ಬಿನೇ ತಂದಿಡು ಇಲ್ಲೆ. ಹಾಂ. ಹಾಕ್ಕೋ, ಎಷ್ಟರೆ ಹಾಕ್ಕೋ.

ಅಂಗೈಯಾಗ ಯಾಕ ಸುರಕೊಂಡಿ? ಕಪ್ಪಿನ್ಯಾಗ ಹಾಕೋ ಮಾರಾಯಾ.

ಬೆರಳಿನಾಗ ಯಾಕ ತಿಕ್ಕಾಕತ್ತಿ? ಭೀಮಸಿ. ಇದು ಪ್ಯಾನ್ ಅಲ್ಲ, ನನ್ನ ಮನಿ. ಆ ಸಕ್ಕರಿ... ಇಲ್ಲೆ ಶೇಡಬಾಳ ಪ್ಯಾಟಿದು. ನಮ್ಮ ದುಂಡೇಶನ ಅಂಗಡಿದು. ದಪ್ಪ ಕಾಳು ಎಲ್ಲಾ ಕಡೆ ಸಿಗತಾವ. ನೀ ಒಬ್ಬನೇ ಕೂರಿಸ್ತೀಯೇನು?

ಡಬ್ಬಿ ಯಾಕ ನೋಡ್ತಿ? ನನ್ನ ನೋಡು.

...ಸೋಮವಾರ ಹೋಗಿದ್ದೆ. ಸುಮ್ಮನ, ಏನಂತಾರ ಕೇಳಿ ಬರೂಣು ಅಂತ. ಎ.ಸಿ. ಹಚ್ಚಿದ್ರು. ಗೋಡಂಬಿ ಇಟ್ಟಿದ್ರು. 'ಶ್ರೇಣಿಕಸಾಹೇಬ, ತುಮ್ಹಿ ಆಪ್ಲೇ ಮಾಣೂಸ' ಅಂದ ಎಂ.ಡಿ. ನಾ ಅವನ ಮನಷ್ಯಾ ಅಂತ. ಅದೇ ಹೊತ್ತಿಗೆ ಎದ್ದು ಬರಬೇಕಿತ್ತು. ಹನ್ನೆರಡೂ ತಿಂಗಳ ಪಗಾರ ಅಂದ. ಕುಂತೆ. ಆಮ್ಯಾಲೆ ಕೇಳಿದ, ಭೀಮಸಿ ಎಷ್ಟಕ್ಕ ಬರ್ತಾನ? ನಲವತ್ತು ಅಂದೆ. ಖರೇ, ಮೊದಲ ನಲವತ್ತೇ ಅಂದೆ. ಕೊಡದಿದ್ದರ ಎಲ್ಲಿ ಹೋಗ್ತಾನ ಅಂದ... ಅಷ್ಟೊತ್ತಿಗೆ ನನ್ನ ಕಾಗದ ಟೇಬಲ್ ಮ್ಯಾಲೆ ಇತ್ತು.

ಬಾಯಿ ಬಿಟ್ಟು ಬೈಯಲಾ. ಲೇ ಅನ್ನು, ಬೇ ಅನ್ನು.

ಐದು ಕಿಲೋ ಕೊಟ್ಟಾರ. ಅರ್ಧಾ ಇನ್ನೂ ಹಂಗೇ ಐತಿ, ಒಯ್ಯಿ. ಹೊಳೆವ್ವಗ ಕೊಡು. ...ಎದ್ದಿ ಯಾಕ? ಕಾಗದ ಬಿಟ್ಟಿ, ತಗೋ. ಅದರ ಮ್ಯಾಲೆ ನಿನ್ನ ಸಹಿ ಬಿದ್ದರ ಮಾತ್ರ ನನ್ನ ಹನ್ನೆರಡು ತಿಂಗಳು. ಇಲ್ಲಂದರ ನಂದೂ ಹಂಗಾಮಿನಷ್ಟೇ ಪಗಾರ. ಕೇಳ್ತೇನು? ನಿನ್ನ ಕೈಯಾಗೈತಿ.

ಕಾಳು ಹೊಳ್ಳಿ ಡಬ್ಬಿಗೆ ಹಾಕಿದಿ. ಹೋಗ್ಲಿ. ಆದರ ಕೈ ಯಾಕ ಅಷ್ಟು ತಿಕ್ಕಿ ತಿಕ್ಕಿ ಒರಸ್ಕೊಳ್ಳಾಕತ್ತಿ, ಭೀಮಸಿ? ಸಕ್ಕರಿ ಅದು. ಬರೇ ಸಕ್ಕರಿ.