ಮಗಳಿಗೆ ಬಂದದ್ದು ಯಾರ ಕಡೆಯಿಂದ

ಇಷ್ಟು ಹೊತ್ತು ಶರೀರ ಅಂದರೆ ದೇವರು ನಮ್ಮ ಕೈಗೆ ಒಪ್ಪಿಸಿದ ಜವಾಬ್ದಾರಿ ಅಂತ ಹೇಳಿದೆ. ಎಲ್ಲರೂ ಹೌದು ಹೌದು ಅಂದಿರಿ. ಈಗ ಒಂದು ಕಥೆ ಹೇಳುತ್ತೇನೆ. ಕಂಬಕ್ಕೆ ಒರಗಿ ಕೂತ ಯಜಮಾನರು ಸ್ವಲ್ಪ ಮುಂದೆ ಬನ್ನಿ, ಈ ಕಥೆ ನಿಮಗಾಗಿಯೇ ಇದೆ.

ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಸಿರಿವಂತ. ಹೆಸರು ಹೇಳದಿದ್ದರೆ ನೀವು ಪಕ್ಕದವರ ಮುಖ ನೋಡುತ್ತೀರಿ, ಅದಕ್ಕೇ ಮುರಿಗೆಪ್ಪ ಅಂತ ಇಟ್ಟುಕೊಳ್ಳೋಣ. ಎರಡು ಎಣ್ಣೆ ಗಿರಣಿ, ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತದ ಕಲ್ಯಾಣ ಮಂಟಪ. ದಾನಕ್ಕೂ ಕೈ ದೊಡ್ಡದು, ಊಟಕ್ಕೂ ಕೈ ದೊಡ್ಡದು. ಹೊಟ್ಟೆ ಮೊದಲು ಬಾಗಿಲು ದಾಟುತ್ತಿತ್ತು, ಮುರಿಗೆಪ್ಪ ಆಮೇಲೆ ದಾಟುತ್ತಿದ್ದ. ಜನ ಏನನ್ನುತ್ತಿದ್ದರು? ಉಂಡು ಸುಖವಾಗಿರುವ ಜೀವ ಅನ್ನುತ್ತಿದ್ದರು. ಅವನಿಗೂ ಅದು ಹಿತವಾಗಿಯೇ ಇತ್ತು.

ಅವನಿಗೆ ಒಬ್ಬಳೇ ಮಗಳು, ದಾನೇಶ್ವರಿ. ಕಾಲೇಜಿನ ಕೊನೆಯ ವರ್ಷ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅಂಥ ಹುಡುಗಿಗೆ ಮುಟ್ಟು ತಪ್ಪತೊಡಗಿತು. ನೋಡಿ, ಮುಟ್ಟು ಅಂತ ಬಾಯಿಬಿಟ್ಟೇ ಹೇಳುತ್ತಿದ್ದೇನೆ, ತಲೆ ತಗ್ಗಿಸಬೇಡಿ. ಅದಿಲ್ಲದಿದ್ದರೆ ಈ ಮಂಟಪದಲ್ಲಿ ನಾನೂ ಇರುತ್ತಿರಲಿಲ್ಲ, ನೀವೂ ಇರುತ್ತಿರಲಿಲ್ಲ. ಒಂದು ತಿಂಗಳು ಬಂದರೆ ಮುಂದಿನ ಮೂರು ತಿಂಗಳು ಪತ್ತೆ ಇಲ್ಲ. ಮೈ ತೂಕ ಏರಿತು. ಗದ್ದದ ಮೇಲೆ ಕೂದಲು ಮೂಡಿತು. ಹುಡುಗಿ ಬಿಸಿಲಿರಲಿ ನೆರಳಿರಲಿ, ಮುಖಕ್ಕೆ ಓಢಣಿ ಸುತ್ತಿಕೊಂಡು ಕಾಲೇಜಿಗೆ ಹೋದಳು. ಕಡೆಗೆ ಹೋಗುವುದನ್ನೂ ಕಡಿಮೆ ಮಾಡಿದಳು.

ತಾಯಿ ಪಾರ್ವತೆವ್ವ ಹೆದರುತ್ತ ಹೆದರುತ್ತ ಗಂಡನ ಕಿವಿಗೆ ಹಾಕಿದಳು, ಡಾಕ್ಟರ ಹತ್ತಿರ ಹೋಗಿ ಬರೋಣವೇ ಅಂತ ಕೇಳಿದಳು. ಮುರಿಗೆಪ್ಪ ಎದ್ದು ಹೋಗಿ ಮೊದಲು ಬಾಗಿಲು ಹಾಕಿದ. ಈ ಮಾತು ಹೊಸ್ತಿಲು ದಾಟಿದರೆ ಹುಡುಗಿಗೆ ಗಂಡು ಸಿಗುವುದಿಲ್ಲ ಅಂದ. ಮದುವೆಯೊಂದು ಆಗಿಬಿಡಲಿ, ಎಲ್ಲ ತಾನೇ ಸರಿಹೋಗುತ್ತದೆ ಅಂದ. ಈ ಮಾತನ್ನು ನೀವು ಎಲ್ಲಿಯೂ ಕೇಳಿಲ್ಲ ಅಲ್ಲವೇ? ನಿಮ್ಮ ಮನೆಗಳಲ್ಲಂತೂ ಯಾರೂ ಆಡಿಲ್ಲ.

ಔಷಧವಿಲ್ಲ ಅಂದಮೇಲೆ ಉಳಿದದ್ದೇನು? ಊಟ ಕಡಿತ. ಮಗಳಿಗೆ ಒಂದು ರೊಟ್ಟಿ, ಅದೂ ಅಡುಗೆಮನೆಯೊಳಗೆ. ನಡುಮನೆಯಲ್ಲಿ ಅಪ್ಪನ ತಾಟಿಗೆ ತುಪ್ಪ ಸುರಿದ ಹೋಳಿಗೆ. ಬಾಯಿ ಕಟ್ಟದ ಹುಡುಗಿಗೆ ಮೈ ಬರದೆ ಇನ್ನೇನು ಬರುತ್ತದೆ ಅಂತ ಮೂರನೇ ಹೋಳಿಗೆ ಮುರಿಯುತ್ತ ಮುರಿಗೆಪ್ಪ ಉಪದೇಶ ಮಾಡುತ್ತಿದ್ದ. ನಗಬೇಡಿ. ಒಳಗೆ ಕೂತ ಹುಡುಗಿ ನಗುತ್ತಿರಲಿಲ್ಲ. ತನ್ನ ಮೈಯೇ ತನಗೆ ಮೋಸ ಮಾಡಿತು, ಅದಕ್ಕೆ ತಾನೇ ಕಾರಣ ಅಂದುಕೊಂಡು ಅವಳು ಮಾತನ್ನೇ ಬಿಟ್ಟಿದ್ದಳು.

ಅಷ್ಟರಲ್ಲಿ ಒಂದು ಸಂಬಂಧ ಬಂತು. ಗಂಡು ಬ್ಯಾಂಕಿನ ಅಧಿಕಾರಿ, ಒಳ್ಳೆಯ ಮನೆತನ. ಹೆಣ್ಣು ನೋಡಲು ಬರುವ ದಿನವೂ ನಿಶ್ಚಯವಾಯಿತು.

ಅದೇ ಹೊತ್ತಿಗೆ ಮೆಡಿಕಲ್ ಕಾಲೇಜಿನಿಂದ ಒಂದು ಸಂಶೋಧನೆಯ ತಂಡ ಆ ಪೇಟೆಗೆ ಬಂತು. ಹೆಣ್ಣುಮಕ್ಕಳ ಹಾರ್ಮೋನು ಏಕೆ ಏರುಪೇರಾಗುತ್ತದೆ, ಮುಟ್ಟು ಏಕೆ ತಪ್ಪುತ್ತದೆ, ಉಂಡ ಅನ್ನವನ್ನು ಮೈ ಹೇಗೆ ಅರಗಿಸಿ ಬಳಸುತ್ತದೆ, ಇವುಗಳ ನಂಟನ್ನು ಹುಡುಕುವ ಅಧ್ಯಯನ. ಅವರಿಗೆ ಜಾಗ ಬೇಕಿತ್ತು. ಮುರಿಗೆಪ್ಪ ಮಂಟಪವನ್ನು ಪುಕ್ಕಟೆ ಬಿಟ್ಟುಕೊಟ್ಟ, ಬ್ಯಾನರಿನಲ್ಲಿ ತನ್ನ ಫೋಟೋ ಹಾಕಿಸಿದ. ಓಣಿ ಓಣಿಯ ಹೆಂಗಸರನ್ನು ಕರೆಸಿದ. ಕರೆಯದೆ ಬಿಟ್ಟದ್ದು ಇಬ್ಬರನ್ನೇ. ತನ್ನ ಹೆಂಡತಿ, ತನ್ನ ಮಗಳು.

ತಂಡದ ಮುಖ್ಯಸ್ಥೆ ಡಾಕ್ಟರ್ ರೆಹಾನಾ ಮೈಕ್ ಹಿಡಿದು, ಹೆಣ್ಣುಮಕ್ಕಳ ರಕ್ತವಷ್ಟೇ ಸಾಲದು, ಮನೆಯ ಗಂಡಸರದೂ ಬೇಕು ಅಂದರು. ಬಂದಿದ್ದ ಗಂಡಸರೆಲ್ಲ ಚಪ್ಪಲಿ ಹುಡುಕತೊಡಗಿದರು. ಫೋಟೋದವನು ಮಾತ್ರ ಮುರಿಗೆಪ್ಪನ ಎದುರಿಗೇ ಕ್ಯಾಮೆರಾ ಹಿಡಿದು ನಿಂತಿದ್ದ. ಇನ್ನೇನು ಮಾಡುವುದು? ಮುರಿಗೆಪ್ಪ ಅಂಗಿಯ ತೋಳು ಮಡಚಿ, ಮುಗುಳ್ನಗುತ್ತ ರಕ್ತ ಕೊಟ್ಟ. ಫೋಟೋ ಚೆನ್ನಾಗಿಯೇ ಬಂತು.

ಕೆಲವು ದಿನ ಕಳೆದ ಮೇಲೆ ಡಾಕ್ಟರು ಅವನನ್ನು ಕರೆಸಿದರು. ಸನ್ಮಾನದ ಮಾತಿರಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಹೋದ. ಅಲ್ಲಿ ಕಾದದ್ದು ಬೇರೆ. ಸಕ್ಕರೆ ಏರಿದೆ, ರಕ್ತದಲ್ಲಿ ಕೊಬ್ಬು ಏರಿದೆ, ಇದು ಇವತ್ತು ನಿನ್ನೆಯದಲ್ಲ, ತಡಮಾಡದೆ ಔಷಧ ಶುರುಮಾಡಬೇಕು ಅಂತ ಡಾಕ್ಟರು ಹೇಳಿದರು. ಆಮೇಲೆ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದರು, ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟಿನ ತೊಂದರೆ ಇದೆಯೇ ಅಂತ.

ಮುರಿಗೆಪ್ಪ ಇಲ್ಲ ಅಂದ. ಎದ್ದ. ಬಾಗಿಲ ತನಕ ಹೋದ. ಮತ್ತೆ ಬಂದು ಕುರ್ಚಿಯಲ್ಲಿ ಕೂತ.

"ಅದನ್ಯಾಕ ಕೇಳಿದ್ರಿ?" ಅಂದ.

ಡಾಕ್ಟರು ತಿಳಿಸಿ ಹೇಳಿದರು. ಉಂಡದ್ದನ್ನು ಮೈಗೆ ಮುಟ್ಟಿಸುವುದು ಇನ್ಸುಲಿನ್. ಕೆಲವರ ಮೈ ಅದರ ಮಾತು ಕೇಳುವುದಿಲ್ಲ. ಆಗ ಇನ್ಸುಲಿನ್ ಇನ್ನಷ್ಟು ಏರುತ್ತದೆ. ಏರಿದ ಇನ್ಸುಲಿನ್ ಹೆಣ್ಣುಮಕ್ಕಳ ಅಂಡಾಶಯವನ್ನು ಕೆಣಕುತ್ತದೆ, ಗಂಡಸರಲ್ಲಿ ಹೆಚ್ಚಿರಬೇಕಾದ ಹಾರ್ಮೋನು ಅವರಲ್ಲಿ ಹೆಚ್ಚುತ್ತದೆ. ಮುಟ್ಟು ತಪ್ಪುತ್ತದೆ, ಗದ್ದಕ್ಕೆ ಕೂದಲು ಬರುತ್ತದೆ. ಜನ ಪಿಸಿಓಡಿ ಅನ್ನುವುದು ಇದಕ್ಕೇ. ಎಲ್ಲರಲ್ಲೂ ಒಂದೇ ಕಾರಣವಲ್ಲ, ಇನ್ನೂ ತಿಳಿಯಬೇಕಾದದ್ದು ಬಹಳ ಇದೆ. ಆದರೆ ಎಷ್ಟೋ ಮನೆತನಗಳಲ್ಲಿ ಇದು ರಕ್ತದಲ್ಲಿ ಹರಿದು ಬರುತ್ತದೆ.

"ತಾಯಿ ಕಡಿಂದ ಅಷ್ಟ ಬರ್ತೈತಿ ಅನ್ನಬ್ಯಾಡ್ರಿ, ತಂದಿ ಕಡಿಂದನೂ ಬರ್ತೈತಿ," ಅಂದರು ಡಾಕ್ಟರು. "ಮಗಳೊಳಗ ಮುಟ್ಟು ತಪ್ಪಿದಾಗ ಕಾಣ್ತೈತಿ. ಅಪ್ಪನೊಳಗ ಹೊಟ್ಟಿ, ಸಕ್ಕರಿ ಆಗಿ ಕಾಣ್ತೈತಿ. ಮಗಳದಕ್ಕ ನಾವು ಕಳಂಕ ಅಂತೀವಿ, ಅಪ್ಪನದಕ್ಕ ಸುಖ ಅಂತೀವಿ."

ಮುರಿಗೆಪ್ಪ ಆಗ ಮಗಳ ವಿಷಯ ಬಾಯಿಬಿಟ್ಟ. ಮದುವೆ ಮಾಡಿದರೆ ಸರಿಹೋಗುತ್ತದೆಯೇ ಅಂತ ಮೆಲ್ಲಗೆ ಕೇಳಿದ. ಮದುವೆ ಔಷಧವಲ್ಲ ಅಂದರು ಅವರು. ಮಕ್ಕಳಾಗುತ್ತವೆಯೇ ಅಂತ ಕೇಳಿದ. ಚಿಕಿತ್ಸೆ ಮಾಡಿಸಿಕೊಂಡರೆ ಹೆಚ್ಚಿನವರಿಗೆ ಆಗುತ್ತವೆ, ಸುಮ್ಮನೆ ಬಿಟ್ಟರೆ ಸಕ್ಕರೆ ಬೇಗ ಹಿಡಿಯುತ್ತದೆ, ಗರ್ಭಕೋಶಕ್ಕೂ ಕೆಡುಕು ಅಂದರು. ಮಗಳನ್ನು ಉಪವಾಸ ಕೆಡವಬೇಡಿ, ದಿನಾ ನಡೆದಾಡಿಸಿ, ನಿದ್ದೆ ಮಾಡಲು ಬಿಡಿ, ಸರಿಯಾದ ಊಟ ಹಾಕಿ, ಕರೆತನ್ನಿ ಅಂದರು.

ಮನೆಗೆ ಬಂದ ಮುರಿಗೆಪ್ಪ ತಾಟಿನ ಮುಂದೆ ಕೂತ, ಕೈ ಹಾಕಲಿಲ್ಲ. ಅಡುಗೆಮನೆಯಿಂದ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ಇದು ನಿನ್ನ ಬಾಯಿಂದ ಬಂದಿದ್ದಲ್ಲವ್ವಾ. ನನ್ನ ಕಡಿಂದನ ಬಂದಿರಬೇಕು," ಅಂದ.

ಹುಡುಗಿ ಅಳಲಿಲ್ಲ. ಬಹಳ ದಿನಗಳ ಮೇಲೆ ಅಪ್ಪನ ಮುಖವನ್ನು ನೆಟ್ಟಗೆ ನೋಡಿದಳು.

"ಮತ್ತ ಇಷ್ಟ ದಿನ ನನಗ್ಯಾಕ ಬೈದ್ರಿ?"

ಎರಡು ಗಿರಣಿಯ ಒಡೆಯ, ಕಲ್ಯಾಣ ಮಂಟಪದ ಮಾಲೀಕ. ತುಪ್ಪದ ತಾಟನ್ನು ಅವನು ಆಚೆ ಸರಿಸಿದ. ಮರುದಿನ ತಾನೇ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪರೀಕ್ಷೆ ಮಾಡಿದಾಗ ಡಾಕ್ಟರು ಅಂದುಕೊಂಡದ್ದೇ ನಿಜವಾಗಿತ್ತು, ಅದೇ ಪಿಸಿಓಡಿ.

ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಚಹಾ ಆಯಿತು. ಮುಚ್ಚಿಡುವುದೋ ಹೇಳುವುದೋ ಅಂತ ಮುರಿಗೆಪ್ಪ ಮೊದಲೇ ಮಗಳನ್ನು ಕೇಳಿದ್ದ. ಹೇಳಿಬಿಡಿ ಅಂದಿದ್ದಳು. ಪಾರ್ವತೆವ್ವ ಕಣ್ಣಿನಲ್ಲೇ ಬೇಡ ಬೇಡ ಅನ್ನುತ್ತಿದ್ದಂತೆ ಅವನು ಎಲ್ಲವನ್ನೂ ಹೇಳಿದ. ಮಗಳಿಗೆ ಹೀಗಿದೆ, ಚಿಕಿತ್ಸೆ ಶುರುವಾಗಿದೆ, ನನಗೂ ಅದರ ಅಣ್ಣನಂಥದ್ದು ಇದೆ, ನಾನೂ ಗುಳಿಗೆ ನುಂಗುತ್ತಿದ್ದೇನೆ ಅಂದ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಳಿಸುತ್ತೇವೆ ಅಂತ ಎದ್ದರು. ತಿಳಿಸಲೇ ಇಲ್ಲ.

ಮನೆಯಲ್ಲಿ ಎರಡು ದಿನ ಒಲೆ ಹೊತ್ತಿಸುವುದಕ್ಕೂ ಯಾರಿಗೂ ಮನಸ್ಸಿರಲಿಲ್ಲ. ಹೇಳಿ ತಪ್ಪು ಮಾಡಿದೆನೇ ಅಂತ ಮುರಿಗೆಪ್ಪ ಒಳಗೊಳಗೇ ಬೆಂದ. ಆಮೇಲೆ ಒಂದು ಮಧ್ಯಾಹ್ನ ಪಾರ್ವತೆವ್ವನಿಗೆ ಫೋನು ಬಂತು. ಆ ಗಂಡಿನ ತಾಯಿ. ದನಿ ಪಿಸುಪಿಸು.

"ಅಕ್ಕಾರ, ಆ ಡಾಕ್ಟರ ನಂಬರ ಕೊಡ್ತೀರೇನು? ನನ್ನ ಮಗಳಿಗೂ ಹಂಗ ಐತ್ರಿ. ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ."

ಪಾರ್ವತೆವ್ವ ಕೊಟ್ಟಳು. ಕೊಟ್ಟು, ಬಹಳ ಹೊತ್ತು ಮಾತಾಡಿದಳು.

ಅಲ್ಲಿಂದ ಮುಂದೆ ಬೆಳಗಾದರೆ ಅಪ್ಪ ಮಗಳು ಇಬ್ಬರೂ ಕೆರೆ ಏರಿಯ ಮೇಲೆ ನಡೆಯುವುದನ್ನು ಊರು ನೋಡಿತು. ಮೊದಮೊದಲು ಅಪ್ಪನಿಗೆ ಏದುಸಿರು, ಮಗಳು ಮುಂದೆ ಹೋಗಿ ನಿಂತು ಕಾಯುತ್ತಿದ್ದಳು. ಪವಾಡವೇನೂ ಆಗಲಿಲ್ಲ. ಮುಟ್ಟು ನಿಧಾನಕ್ಕೆ ದಾರಿಗೆ ಬಂತು, ಒಮ್ಮೊಮ್ಮೆ ಮತ್ತೆ ಜಾರಿತು, ಮತ್ತೆ ಬಂತು. ಆದರೆ ಹುಡುಗಿಯ ಮಾತು ಮಾತ್ರ ಬೇಗ ಮರಳಿತು. ಪರೀಕ್ಷೆಯನ್ನೂ ಪಾಸು ಮಾಡಿದಳು.

ಇಲ್ಲಿಗೆ ಕಥೆ ನಿಲ್ಲಿಸುತ್ತೇನೆ. ಈಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿದೆ, ನನಗೆ ಇಲ್ಲಿಂದಲೇ ಕಾಣುತ್ತಿದೆ. ಆ ಹುಡುಗಿಗೆ ಮದುವೆಯಾಯಿತೇ? ಅದೇ ತಾನೇ? ನೋಡಿ, ಹುಡುಗಿ ಚೆನ್ನಾಗಿದ್ದಾಳೆಯೇ ಅಂತ ನೀವು ಕೇಳಲಿಲ್ಲ. ಅಪ್ಪನ ಸಕ್ಕರೆ ಇಳಿಯಿತೇ ಅಂತಲೂ ಕೇಳಲಿಲ್ಲ. ಮೊದಲು ಬಂದದ್ದು ಮದುವೆ. ನಮ್ಮ ರೋಗ ಇರುವುದು ಅಲ್ಲಿ. ಅದಕ್ಕೆ ಯಾವ ಡಾಕ್ಟರೂ ಗುಳಿಗೆ ಬರೆದುಕೊಡುವುದಿಲ್ಲ, ನಾವೇ ಬಿಡಬೇಕು.

ಯಜಮಾನರೇ, ನಾಳೆಯೇ ಹೋಗಿ ನಿಮ್ಮ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮಗಳ ಊಟ ಅಳೆಯುವ ಮೊದಲು ನಿಮ್ಮ ಸೊಂಟ ಅಳೆಯಿರಿ. ಮನೆಯಲ್ಲಿ ಪಥ್ಯ ಅಂತಾದರೆ ಎಲ್ಲರಿಗೂ ಪಥ್ಯ, ನಡಿಗೆ ಅಂತಾದರೆ ಎಲ್ಲರಿಗೂ ನಡಿಗೆ. ತಾಯಂದಿರೇ, ತಿಂಗಳು ತಪ್ಪಿದ ಮಗಳಿಗೆ ಮದುವೆಯ ಮಾತು ಹೇಳಬೇಡಿ, ಆಸ್ಪತ್ರೆಯ ದಾರಿ ತೋರಿಸಿ. ಸೊಸೆ ನೋಡಲು ಹೋದಾಗ ಯಾರಾದರೂ ಇದ್ದದ್ದನ್ನು ಇದ್ದಂತೆ ಹೇಳಿದರೆ, ಅಂಥ ಮನೆಯನ್ನು ಬಿಟ್ಟು ಓಡಬೇಡಿ, ಅಂಥ ಮನೆ ಸಿಗುವುದು ಕಷ್ಟ.

ಇನ್ನೊಂದೇ ಮಾತು. ಈಗ ಮನೆಗೆ ಹೋಗಿ, ಚಪ್ಪಲಿ ಬಿಟ್ಟ ಕೂಡಲೇ ಮಗಳನ್ನು ಕರೆಯಿರಿ. ಹೇಗಿದ್ದೀಯವ್ವಾ ಅಂತ ಕೇಳಿ. ಅವಳು ಚೆನ್ನಾಗಿದ್ದೇನೆ ಅನ್ನುತ್ತಾಳೆ. ಎದ್ದು ಹೋಗಬೇಡಿ. ಇನ್ನೊಮ್ಮೆ ಕೇಳಿ.