ಪಾರ್ಕಿನಲ್ಲಿ ಅಣ್ಣನ ಉಂಗುರ ಬಿಚ್ಚಿದ ವಿಚಾರ

ಎಲ್ಲರೂ ಟೈಲರಕ್ಕ ಎಂದು ಕರೆಯುವ ನಾನು, ವಯಸ್ಸು 49 ವರ್ಷ, ಉದ್ಯೋಗ ಹೊಲಿಗೆ, ವಾಸ ಪಾರ್ಕಿನ ಹಿಂದಿನ ಬೀದಿ, ಮೊದಲನೇ ಮಹಡಿ, ಠಾಣೆಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ಈ ದಿನ ಭಾನುವಾರ ಬೆಳಿಗ್ಗೆ 10.15ಕ್ಕೆ ನಾನು ಪಾರ್ಕಿನ ಬೆಂಚಿನಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದೆನು. ಹನ್ನೆರಡು ಅಡಿ ದೂರದ ಬೆಂಚಿನಲ್ಲಿ ನನ್ನ ಸ್ವಂತ ಅಣ್ಣ, ನಿವೃತ್ತ ಪೋಸ್ಟ್‌ಮ್ಯಾನ್, ಕುಳಿತಿದ್ದನು. ನಾಲ್ಕು ವರ್ಷದ ಹಿಂದೆ ನಾನು ಹೊಲಿದ ಕೋಟು ಅವನಿಗೆ ಬಿಗಿಯಾಯಿತು. ಅಳತೆ ತಪ್ಪು ಎಂದು ಅವನು, ಹೊಟ್ಟೆ ತಪ್ಪು ಎಂದು ನಾನು. ಅಂದಿನಿಂದ ಮಾತಿಲ್ಲ. ಆದರೂ ಭಾನುವಾರ ಇಬ್ಬರೂ ಅದೇ ಎರಡು ಬೆಂಚುಗಳಿಗೆ ಬರುವುದನ್ನು ಬಿಟ್ಟಿಲ್ಲ.

ಅಣ್ಣನು ಹೂವಿನ ಚಿತ್ರದ ಹಳದಿ ಶರ್ಟು ತೊಟ್ಟು, ಸೆಂಟು ಸುರಿದುಕೊಂಡು, ಕಿತ್ತಳೆ ರಸದ ಬಾಟಲಿಯ ಮುಚ್ಚಳ ತೆಗೆದಿಟ್ಟಿದ್ದನು. ಬೇಸಿಗೆಯಲ್ಲಿ ಜೇನುನೊಣವನ್ನು ಕರೆಯಲು ಇಷ್ಟು ಸಾಕು. ಹೇಳೋಣವೆಂದು ಮಾತು ಬಾಯಿತನಕ ಬಂತು, ಹಟಕ್ಕೆ ಬಿದ್ದು ನುಂಗಿಕೊಂಡೆನು. ಇದು ನನ್ನ ತಪ್ಪು. 10.22ಕ್ಕೆ ಜೇನುನೊಣವೊಂದು ಅವನ ಎಡಗೈಯ ಉಂಗುರದ ಬೆರಳಿಗೆ ಕುಟುಕಿತು.

ನಾನು ಓಡಿಹೋಗಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಅಂಚಿನಿಂದ ಮುಳ್ಳನ್ನು ಕೆರೆದು ತೆಗೆದು, ನಲ್ಲಿಯಲ್ಲಿ ಸೋಪು ಹಾಕಿ ತೊಳೆದೆನು. ನಾಲಿಗೆ, ತುಟಿ ಊದುತ್ತಿದೆಯೇ, ಉಸಿರಾಡಲು ಕಷ್ಟವೇ ಎಂದು ಕೇಳಿದೆನು. ನಾಲ್ಕು ವರ್ಷದಲ್ಲಿ ಅವನನ್ನು ನಾನು ಕೇಳಿದ ಮೊದಲ ಪ್ರಶ್ನೆ ಇದು. ಅವನು ಇಲ್ಲವೆಂದು ತಲೆಯಾಡಿಸುವವರೆಗೆ ನನ್ನ ಜೀವ ಕೈಯಲ್ಲಿತ್ತು.

ಅಷ್ಟರಲ್ಲಿ ಬೆರಳು ಊದಿ ಉಂಗುರ ಸಿಕ್ಕಿಕೊಂಡಿತು. ಅದು ನಮ್ಮ ಅಪ್ಪನ ಉಂಗುರ. ಬೆರಳಿಗೆ ದಾರವನ್ನು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಉಂಗುರದ ಅಡಿಯಿಂದ ಎಳೆದು ಬಿಚ್ಚುತ್ತಾ ಬರಲು 10.34ಕ್ಕೆ ಉಂಗುರ ಹೊರಬಂತು. ಅಣ್ಣನು ಬೈದ ಮಾತುಗಳನ್ನು ಇಲ್ಲಿ ಬರೆಸುವುದಿಲ್ಲ. ನಂತರ ಐಸ್‌ಕ್ರೀಮ್ ಗಾಡಿಯಿಂದ ಐಸು ತಂದು ಬಟ್ಟೆಯಲ್ಲಿ ಸುತ್ತಿ ಇಟ್ಟು, ಊತದ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪಿನಿಂದ ಮುಂಗೈ ಅಳೆದೆನು. 10.40ಕ್ಕೆ ಏಳೂವರೆ ಇಂಚು. 10.55ಕ್ಕೂ ಏಳೂವರೆ. ಊತ ಗೆರೆ ದಾಟಿರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಹೆಂಗಸೊಬ್ಬಳು ಗಂಡಸನ್ನು ದಾರದಿಂದ ಕಟ್ಟಿ ಉಂಗುರ ಕಸಿಯುತ್ತಿದ್ದಾಳೆಂದು ಯಾರೋ ಫೋನ್ ಮಾಡಿದ್ದರಂತೆ. 10.58ಕ್ಕೆ ಕಾನ್‌ಸ್ಟೇಬಲ್ ಬಂದು, ಈ ಹೆಂಗಸು ಯಾರು ಎಂದು ಅಣ್ಣನನ್ನು ಕೇಳಿದರು. ಅವನು ಹೇಳಿದ್ದು:

“ನನ್ನ ತಂಗಿ. ಇವಳ ಅಳತೆ ಯಾವತ್ತೂ ತಪ್ಪಿಲ್ಲ ಸಾರ್. ಆವತ್ತು ತಪ್ಪಿದ್ದು ನನ್ನ ಹೊಟ್ಟೆ.”

ಉಂಗುರವು ನನ್ನ ಸೂಜಿ ಡಬ್ಬಿಯಲ್ಲಿದ್ದು, ಊತ ಇಳಿದ ಮೇಲೆ ನಾನೇ ತೊಡಿಸುತ್ತೇನೆ.

ಮೇಲೆ ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದು, ಎಲ್ಲವೂ ನಡೆದಂತೆಯೇ ಇದೆ. ಅಣ್ಣನ ಮಾತನ್ನು ಮಾತ್ರ ಎರಡು ಸಲ ಓದಿಸಿಕೊಂಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಏಪ್ರಿಲ್ 21, ಮಧ್ಯಾಹ್ನ 12.10
ಸಹಿ: ಟೈಲರಕ್ಕ
ಸಾಕ್ಷಿ: ಅಣ್ಣ