ಶಿಸ್ತಿನ ಇಲಿ

ಭುಜ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ವಯಸ್ಸಾದ ದರ್ಜಿಗೆ ಪಕ್ಕದವರ ಮಾತು ಕದ್ದು ಕೇಳುವ ಆಸೆಯೇನೂ ಇರಲಿಲ್ಲ. ಆದರೆ ಕಿವಿ ಅವನ ಮಾತು ಕೇಳಬೇಕಲ್ಲ. ಪಕ್ಕದಲ್ಲಿ ಒಬ್ಬ ಸೊಸೆ ತನ್ನ ಮಾವನ ಫಾರಂ ತುಂಬುತ್ತಿದ್ದಳು, ಮಾವ ಉತ್ತರ ಹೇಳುತ್ತಿದ್ದರು.

“ಮಾವ, ಕೈ ತಲೆ ಮೇಲಕ್ಕೆ ಎತ್ತೋಕಾಗುತ್ತಾ?”

“ಎಲ್ಲಿ ಆಗುತ್ತಮ್ಮ.”

“ಬಿಗಿಯಾದ ಮುಚ್ಚಳ ತೆಗೀತೀರಾ?”

“ಬೆರಳಲ್ಲಿ ಕಸುವೇ ಇಲ್ಲ.”

“ಹಾಗಾದ್ರೆ ಮೇಲಿನ ಕಪಾಟಲ್ಲಿ ಬಚ್ಚಿಟ್ಟಿದ್ದ ಬಿಸ್ಕತ್ತು ಖಾಲಿ ಮಾಡಿದ್ದು ಯಾರು?”

“ಇಲಿ ಇರಬೇಕು.”

“ತಿಂದಾದ ಮೇಲೆ ಮುಚ್ಚಳ ಬಿಗಿಯಾಗಿ ಹಾಕಿಟ್ಟಿದೆ.”

“ಶಿಸ್ತಿನ ಇಲಿ.”

ಸೊಸೆ ಪೆನ್ನು ನಿಲ್ಲಿಸಿದಳು. “ಸರಿ, ಏನೂ ಆಗಲ್ಲ ಅಂತಲೇ ಬರೀತೀನಿ. ನಾಳೆಯಿಂದ ಮಹಡಿ ರೂಮು ಬಿಟ್ಟು ಕೆಳಗೆ ಬಂದುಬಿಡಿ. ಮೂರು ಹೊತ್ತೂ ಗಂಜಿ, ನಾನೇ ಕುಡಿಸ್ತೀನಿ.”

ಮಾವ ಗಂಟಲು ಸರಿಮಾಡಿಕೊಂಡರು. “ಕೈ ಎತ್ತೋಕಾಗುತ್ತೆ ಅಂತ ಬರಿಯಮ್ಮ.”

“ಮುಚ್ಚಳ?”

“ಅದೂ ಆಗುತ್ತೆ.”

“ಸ್ಟೂಲು ಹತ್ತೋದು?”

“ಫಾರಂನಲ್ಲಿ ಅದೂ ಕೇಳಿದಾರಾ?”

“ಇಲ್ಲ, ನಾನು ಕೇಳ್ತಿರೋದು.”

“...ಆಗುತ್ತೆ.”

“ಇನ್ಮೇಲೆ ಬಿಸ್ಕತ್ತಿನ ಡಬ್ಬಿ ಕೆಳಗಿನ ಕಪಾಟಲ್ಲೇ ಇಡ್ತೀನಿ. ಎಲ್ಲಾದ್ರೂ ಬಿದ್ದೀರಿ.”

“ಬೇಡ ಕಣಮ್ಮ, ಅಲ್ಲೇ ಇರಲಿ. ವ್ಯಾಯಾಮ ತಪ್ಪಿಹೋಗುತ್ತೆ.”

ಅಷ್ಟರಲ್ಲಿ ನರ್ಸ್ ಕರೆದಳು. ಮಾವ ಬೆಂಚಿಗೆ ಕೈ ಊರದೆ ಎದ್ದು, ಸೊಸೆಗಿಂತ ಮುಂಚೆ ಒಳಗೆ ಹೋದರು.

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದರ್ಜಿ ತನ್ನ ಕೈ ಮೆಲ್ಲಗೆ ಎತ್ತಿದ. ಅದು ಕಿವಿಯ ತನಕ ಹೋಗಿ ನಿಂತಿತು. ಅವನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಯಾವಾಗಲೂ ಊಟದ ಮೇಜಿನ ಮೇಲೇ ಇರುತ್ತಿತ್ತು.